ಹಲಗೇರಿಯ ಬೀಜದವರಿಗೆ ನಾನು ಹೇಳಿದ ಅರ್ಧ ಮಾತು

ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮುಗಿಸಿ ಇನ್ನೇನು ಕೆಲಸಕ್ಕೆ ಸೇರಲಿರುವ ನನ್ನ ತಂಗಿಯ ಮಗಳು ಮೊನ್ನೆ ಮನೆಗೆ ಬಂದವಳು ಕೇಳಿದಳು: “ದೊಡ್ಡವ್ವ, ಇಪ್ಪತ್ತೆಂಟ ವರ್ಷ ಒಂದ ಕುರ್ಚಿ ಮ್ಯಾಲೆ ಕುಂತು ಮಾಂಸದ ಚೂರು ಕೊಯ್ದೀಯಲ್ಲ, ಬ್ಯಾಸರ ಆಗ್ಲಿಲ್ಲೇನು?” ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಬೇಸರವಂತೆ. ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುವಾಗ ಇವತ್ತು ಯಾವ ಬಾಟಲಿ ಬರುತ್ತದೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಿವೃತ್ತಿಯ ದಿನದವರೆಗೂ ಹಾಗೆಯೇ ಇತ್ತು. ಅವಳಿಗೆ ಬಾಯಲ್ಲಿ ಹೇಳಿದರೆ ಅರ್ಧಕ್ಕೆ ಮೊಬೈಲ್ ತೆಗೆಯುತ್ತಾಳೆ, ಅದಕ್ಕೇ ಬರೆದಿಡುತ್ತಿದ್ದೇನೆ. ಯಾವ ವರ್ಷ ಸೀನಿಯರ್ ಆದೆ, ಯಾವ ವರ್ಷ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಇಲ್ಲ.

ನಮ್ಮದು ರಾಣೆಬೆನ್ನೂರಿನಲ್ಲಿ ಮೂರು ಕೋಣೆಯ ಪೆಥಾಲಜಿ ಲ್ಯಾಬು. ಹಾವೇರಿ, ಬ್ಯಾಡಗಿ, ಗುತ್ತಲ ಎಲ್ಲ ಕಡೆಯ ಆಸ್ಪತ್ರೆಗಳಿಂದ ಆಪರೇಶನ್ ಮಾಡಿ ತೆಗೆದ ಚೂರುಗಳು ಬಾಟಲಿಯಲ್ಲಿ ಬರುತ್ತಿದ್ದವು. ಅವುಗಳ ನೀರಿನಂಶ ತೆಗೆದು, ಮೇಣದಲ್ಲಿ ಕೂಡಿಸಿ, ಗಟ್ಟಿಯಾದ ಮೇಲೆ ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಿಡಿದು ಬಣ್ಣ ಹಾಕುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಏನು ಎಂದು ಹೇಳುವುದು ನಮ್ಮ ಮಾಧವರಾವ್ ಡಾಕ್ಟರ ಕೆಲಸ. ಧಾರವಾಡದವರು, ಎತ್ತರದ ಆಳು, ಮಾತು ಕಡಿಮೆ. ಕೆಲಸಕ್ಕೆ ಸೇರಿದ ದಿನವೇ ಒಂದು ಕಟ್ಟಳೆ ಹಾಕಿದ್ದರು: “ಸುನಂದಾ, ಬಾಟ್ಲಿ ನಿಂದು, ಮಾತು ನಂದು. ಪೇಶಂಟಿನ ಕೂಡ ರಿಪೋರ್ಟಿನ ಸುದ್ದಿ ತಗೀಬ್ಯಾಡ.” ಈ ಕಟ್ಟಳೆಯನ್ನು ನಾನು ಒಂದೇ ಒಂದು ಸಲ ಮುರಿದೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ. ಆದರೆ ಅದಕ್ಕೆ ಮೊದಲು ಸೀನಿನ ಕಥೆ ಹೇಳಲೇಬೇಕು.

ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಬರುವ ದಿನಗಳಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ವರ್ಷದ ಮಸಾಲೆಖಾರ ಮಾಡುತ್ತಾರೆ. ಲ್ಯಾಬಿನ ಗೋಡೆಗೆ ಹತ್ತಿದ ಮನೆಯವರು ಅವತ್ತು ಮೆಣಸಿನಕಾಯಿ ಹುರಿಯುತ್ತಿದ್ದರು. ನನ್ನ ಮುಂದೆ ಹಾವೇರಿಯಿಂದ ಬಂದ ಸೂಜಿ ಬಯಾಪ್ಸಿ ಇತ್ತು. ಪ್ರಾಸ್ಟೇಟ್ ಎಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಒಂದು ಸಣ್ಣ ಗ್ರಂಥಿ. ಅದರೊಳಗೆ ಸೂಜಿ ಹಾಕಿ ಶಾವಿಗೆ ಎಳೆಯಷ್ಟು ದಪ್ಪದ ಚೂರು ತೆಗೆದಿರುತ್ತಾರೆ. ಕೊಯ್ದಷ್ಟೂ ಮುಗಿದೇ ಹೋಗುತ್ತದೆ, ಇನ್ನೊಮ್ಮೆ ಕೇಳುವಂತಿಲ್ಲ. ಮೇಣದ ಪದರಗಳು ಪಟ್ಟಿಯಂತೆ ಕತ್ತಿಯಿಂದ ಇಳಿಯುತ್ತಿದ್ದವು. ಆಗ ಬಂತು ನೋಡಿ ನನಗೆ ಸೀನು. ಪಟ್ಟಿ ಮಂಗಮಾಯ. ನೆಲ, ಟೇಬಲ್, ಪರದೆ ಎಲ್ಲ ಹುಡುಕಿದೆ. ಕಡೆಗೆ ನೋಡಿದರೆ ಪಕ್ಕದಲ್ಲಿ ನಿಂತಿದ್ದ ಡಾಕ್ಟರ ಶರ್ಟಿನ ತೋಳಿನ ಮೇಲೆ ಎರಡು ಪದರ ಕುಳಿತಿವೆ.

“ಸರ್, ಅಲ್ಲಾಡಬ್ಯಾಡ್ರಿ,” ಎಂದೆ. ಅಷ್ಟು ದೊಡ್ಡ ಮನುಷ್ಯ ಉಸಿರು ಬಿಗಿಹಿಡಿದು ಕಂಬದಂತೆ ನಿಂತರು. ಬಣ್ಣದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿ ಬಿಸಿನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಹಿಡಿದೆ. ಆ ಎರಡು ಪದರದಲ್ಲೇ ಕ್ಯಾನ್ಸರ್ ಇತ್ತು. ಡಾಕ್ಟರು ಬಯ್ಯಲಿಲ್ಲ. ಮರುದಿನ ತಾವೇ ಪಕ್ಕದ ಮನೆಗೆ ಹೋಗಿ, ಖಾರ ಮಾಡುವ ದಿನ ಮೊದಲೇ ತಿಳಿಸಿರಿ ಎಂದು ಕೈಮುಗಿದು ಬಂದರು. ಆ ಮನೆಯವರು ಪಾಪ, ಅಂದಿನಿಂದ ವರ್ಷವರ್ಷವೂ ತಪ್ಪದೆ ಬಂದು ಹೇಳಿ ಹೋಗುತ್ತಿದ್ದರು.

ಗುತ್ತಲದಿಂದ ಒಬ್ಬರು ತಮ್ಮ ತಂದೆಯ ಚೂರುಗಳಿದ್ದ ಬಾಟಲಿ ಹಿಡಿದು ಬಸ್ಸಿನಲ್ಲಿ ಬಂದರು. ಚೂರು ಕೆಡದಂತೆ ಇಡುವ ಫಾರ್ಮಾಲಿನ್ ಕಣ್ಣು ಉರಿಸುವ ವಾಸನೆಯದ್ದು. ಬಸ್ಸಿನವರು ಗೊಣಗಿದ್ದಕ್ಕೆ ಇವರು ಅದನ್ನು ಚೆಲ್ಲಿ, ಅಪ್ಪನ ದೇಹದ ಚೂರಿಗೆ ಕೊಳಾಯಿ ನೀರು ಬೇಡವೆಂದು ಅಂಗಡಿಯಲ್ಲಿ ಸೀಲ್ ಇದ್ದ ಕುಡಿಯುವ ನೀರಿನ ಬಾಟಲಿ ಕೊಂಡು ತುಂಬಿಸಿದ್ದರು. “ಸ್ವಚ್ಛ ನೀರ ಹಾಕೇನ್ರಿ ಬಾಯಾರ,” ಎಂದು ಹೆಮ್ಮೆಯಿಂದ ಕೊಟ್ಟರು. ನಡುವೆ ನೆಂಟರ ಮನೆಯಲ್ಲಿ ಎರಡು ದಿನ ತಂಗಿ ಬಂದಿದ್ದರು, ಒಳಗಿನದು ಕೊಳೆತುಹೋಗಿತ್ತು. ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಇನ್ನಷ್ಟು ಚೂರು ತೆಗೆದಿಟ್ಟಿದ್ದರು. ಮರುದಿನದಿಂದ ಪ್ರತಿ ಬಾಟಲಿಗೂ ನನ್ನ ಕೈಬರಹದ ಚೀಟಿ ಅಂಟಿತು: ‘ಒಳಗಿರುವುದು ನೀರಲ್ಲ, ಔಷಧ. ಚೆಲ್ಲಬಾರದು.’

ಎರಡು ಸಾವಿರದ ದಶಕ ಶುರುವಾದ ಮೇಲೆ ನಮ್ಮ ಕೆಲಸವೇ ಬೇರೆಯಾಯಿತು. ಅಲ್ಲಿಯವರೆಗೆ ಎಲ್ಲವೂ ಗುಲಾಬಿ ಮತ್ತು ನೇರಳೆ. ಪ್ರಾಸ್ಟೇಟಿನಲ್ಲಿ ಎರಡೋ ಮೂರೋ ಗ್ರಂಥಿಗಳು ಸಂಶಯ ಹುಟ್ಟಿಸಿದರೆ ಡಾಕ್ಟರು ಮೂರು ದಿನ ಅದನ್ನೇ ನೋಡುತ್ತ ಕೂರುತ್ತಿದ್ದರು. ಆಮೇಲೆ ತಿಳಿದದ್ದೇನೆಂದರೆ, ಈ ಕ್ಯಾನ್ಸರಿನ ಜೀವಕೋಶಗಳಲ್ಲಿ ಒಂದು ಜೀನ್ ಅತಿಯಾಗಿ ಕೆಲಸ ಮಾಡುತ್ತದೆ, ತನ್ನ ಪ್ರೋಟೀನನ್ನು ರಾಶಿ ಹಾಕುತ್ತದೆ. ಆ ಪ್ರೋಟೀನಿಗೆ ಮಾತ್ರ ಅಂಟುವ ಔಷಧ ಹಾಕಿ ಬಣ್ಣ ಬರಿಸಿದರೆ ಕ್ಯಾನ್ಸರಿನ ಗ್ರಂಥಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಮೊದಲು ಗಾಜನ್ನು ಒತ್ತಡದ ಬಿಸಿಯಲ್ಲಿ ಕುದಿಸಬೇಕು. ಅದಕ್ಕೆಂದು ಬೇರೆ ಯಂತ್ರ ನಮ್ಮಲ್ಲಿ ಎಲ್ಲಿಂದ ಬರಬೇಕು? ನಾನು ಮನೆಯ ಪ್ರೆಶರ್ ಕುಕ್ಕರ್ ತಂದೆ. ನಮ್ಮ ಅತ್ತೆಯವರು ವಾರಗಟ್ಟಲೆ ಹುಡುಕಿದರು. “ಬ್ಯಾಳಿ ಬೇಯ್ಸಾಕ ಕುಕ್ಕರ್ ಎಲ್ಲೈತಿ?” ಎಂದಾಗ ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ನನ್ನ ಕೈಯ ಅಡುಗೆಯನ್ನೇ ಅವರು ಬಿಡುತ್ತಿದ್ದರು.

ಮೊದಲ ಸಲ ಕಂದು ಬಂದ ದಿನ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಅದುವರೆಗೆ ಆಕಾರ ನೋಡಿ ಊಹಿಸುತ್ತಿದ್ದೆವು. ಈಗ ಜೀವಕೋಶದೊಳಗೆ ಜೀನ್ ಏನು ಮಾಡುತ್ತಿದೆ ಎಂಬುದೇ ಕಣ್ಣಿಗೆ ಕಾಣುತ್ತಿತ್ತು. ರಾಣೆಬೆನ್ನೂರಿನ ಮೂರು ಕೋಣೆಯಲ್ಲಿ, ನಮ್ಮ ಮನೆಯ ಕುಕ್ಕರಿನಲ್ಲಿ. ಡಾಕ್ಟರು ಎಂದಿನಂತೆ, “ಇದೊಂದನ್ನ ನಂಬಬಾರದು, ಬ್ಯಾರೆ ಗುರುತೂ ನೋಡಬೇಕು,” ಎಂದರು. ಆದರೆ ಅವರ ಕಣ್ಣೂ ಅರಳಿದ್ದನ್ನು ನಾನು ನೋಡಿದೆ.

ಇಂಥ ಉಮೇದಿನ ನಡುವೆಯೇ, ಆ ದಶಕದ ಕೊನೆಯ ವರ್ಷಗಳಲ್ಲಿ, ಹಲಗೇರಿಯ ಫಕ್ಕೀರಪ್ಪನವರು ಬಂದರು. ಅರವತ್ತು ದಾಟಿದ್ದವರು. ಹೊಲದಲ್ಲಿ ಬೀಜದ ಕಂಪನಿಗಳಿಗೆ ಟೊಮ್ಯಾಟೋ, ಹತ್ತಿ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಮಾಡಿಕೊಡುವ ರೈತರು. ರಾಣೆಬೆನ್ನೂರಿನ ಸುತ್ತ ಇದು ಮನೆಮನೆಯ ಕೆಲಸ. ಒಂದು ಕಡೆ ಗಂಡು ಗಿಡದ ಸಾಲು, ಒಂದು ಕಡೆ ಹೆಣ್ಣು ಗಿಡದ ಸಾಲು. ಹೆಣ್ಣು ಗಿಡದ ಮೊಗ್ಗು ಬಿಡಿಸಿ ಅದರ ಕೇಸರ ಕಿತ್ತು, ಮರುದಿನ ಗಂಡು ಹೂವಿನ ಪರಾಗ ಮುಟ್ಟಿಸುತ್ತಾರೆ. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಯಾವ ಗುಣ ಯಾರಿಂದ ಯಾರಿಗೆ ಬಂತು ಎಂಬುದು ಈ ಜನಕ್ಕೆ ಓದದೆಯೂ ಗೊತ್ತು.

ಅವರ ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. ಡಾಕ್ಟರು ಕೂಡಿಸಿಕೊಂಡು ಹೇಳಿದಾಗ ಅವರ ಮುಖ ಕದಲಲಿಲ್ಲ. “ವಯಸ್ಸಾಗೈತ್ರಿ, ಬಂದದ್ದಕ್ಕ ಏನ್ ಮಾಡಾಕ ಬರ್ತೈತಿ,” ಎಂದು ಹಾವೇರಿಯ ಆಸ್ಪತ್ರೆಯಲ್ಲಿ ಹಾರ್ಮೋನ್ ಇಳಿಸುವ ಇಂಜೆಕ್ಷನ್ನಿಗೆ ಒಪ್ಪಿದರು. ಅದೇ ಹೊತ್ತಿಗೆ ದೊಡ್ಡ ಊರಿನ ಒಂದು ಲ್ಯಾಬು, ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಜೀನ್‌ಗಳು ಹೇಗೆ ಬದಲಾಗುತ್ತವೆ ಎಂದು ನೋಡಲು, ಒಪ್ಪುವ ರೋಗಿಗಳ ಮೇಣದ ತುಂಡುಗಳನ್ನು ಕೇಳಿತ್ತು. ಫಕ್ಕೀರಪ್ಪನವರು ಸಹಿ ಹಾಕಿದರು. ತುಂಡನ್ನು ನಾನೇ ಹತ್ತಿಯಲ್ಲಿ ಸುತ್ತಿ ಕಳಿಸಿದೆ.

ಉತ್ತರ ಬಂದ ದಿನ ಡಾಕ್ಟರು ಹಾವೇರಿಗೆ ಹೋಗಿದ್ದರು. ನಾನು ಕಾಗದ ಒಡೆದು ಓದಿದೆ, ಇನ್ನೊಮ್ಮೆ ಓದಿದೆ. ನಮ್ಮ ತುಂಡಿನಲ್ಲಿ ಸಿಕ್ಕಿತ್ತು. ಗಂಡಸರ ಹಾರ್ಮೋನ್ ಬಂದಾಗ ಕೆಲಸ ಶುರುಮಾಡುವ ಒಂದು ಜೀನ್ ಇದೆ. ಅದರಿಂದ ಸ್ವಲ್ಪ ದೂರದಲ್ಲಿ, ಬೆಳವಣಿಗೆಗೆ ಸಂಬಂಧಿಸಿದ ಇಆರ್‌ಜಿ ಎಂಬ ಇನ್ನೊಂದು ಜೀನ್ ಸುಮ್ಮನೆ ಮಲಗಿರುತ್ತದೆ. ಈ ಕ್ಯಾನ್ಸರಿನಲ್ಲಿ ಎರಡೂ ಮುರಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರ ಬೋರಿನ ಸ್ಟಾರ್ಟರನ್ನು ಇನ್ನೊಬ್ಬರ ಮೋಟಾರಿಗೆ ಜೋಡಿಸಿದ ಹಾಗೆ, ಹಾರ್ಮೋನ್ ಬಂದಾಗಲೆಲ್ಲ ಮಲಗಿರಬೇಕಾದ ಜೀನ್ ಎದ್ದು ಓಡುತ್ತಿತ್ತು. ಇಂಥದೊಂದು ಇದೆಯೆಂದು ಜಗತ್ತಿಗೆ ಗೊತ್ತಾಗಿಯೇ ಕೆಲವು ವರ್ಷವಾಗಿತ್ತು. ಅದು ನಾನು ಕೊಯ್ದ ಚೂರಿನಲ್ಲಿ ಸಿಕ್ಕಿದೆ ಎಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲಬೇಕಲ್ಲ.

ಹಣೆಬರಹ ನೋಡಿ, ಅದೇ ಹೊತ್ತಿಗೆ ಫಕ್ಕೀರಪ್ಪನವರು ಯಾವುದೋ ರಕ್ತಪರೀಕ್ಷೆಯ ಕಾಗದ ಒಯ್ಯಲು ಬಂದರು. ನನಗೆ ತಡೆಯಲಾಗಲಿಲ್ಲ.

“ಯಜಮಾನ್ರ, ನಿಮ್ಮ ತುಂಡಿನ ಉತ್ತರ ಬಂತ್ರಿ. ನಿಮ್ಮ ಜೀನ್ ಬದಲಾಗಿದ್ದು ಸಿಕ್ಕೈತ್ರಿ.”

“ಜೀನ್ ಅಂದ್ರ,” ಅವರು ನಿಧಾನವಾಗಿ ಕೇಳಿದರು, “ಕಂಪನಿಯವರು ಗಿಡದಾಗ ಹೇಳ್ತಾರಲ್ಲ, ಅದ ಏನ್ರಿ?”

“ಹೌದ್ರಿ, ಅದ. ಗಿಡಕ್ಕೂ ಅದ, ಮನಷ್ಯಾರಿಗೂ ಅದ.”

“ಆತ್ರಿ ಬಾಯಾರ,” ಎಂದು ಟೋಪಿ ಸರಿಮಾಡಿಕೊಂಡು ಹೋದರು. ಎಷ್ಟು ಚೆನ್ನಾಗಿ ತಿಳಿದುಕೊಂಡರಲ್ಲ ಎಂದು ನಾನು ಬೀಗಿದೆ. ಡಾಕ್ಟರು ಬಂದ ಮೇಲೆ ಕಾಗದ ಕೊಟ್ಟೆ, ಬಾಯಿಬಿಟ್ಟದ್ದನ್ನು ಹೇಳಲಿಲ್ಲ.

ಎರಡು ವಾರವಾಗಿರಬೇಕು. ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಲ್ಯಾಬಿಗೆ ಬಂದು ನೇರ ನನ್ನ ಟೇಬಲ್ಲಿನ ಮುಂದೆ ನಿಂತಳು. ಬೆರಳ ತುದಿಗಳು ಟೊಮ್ಯಾಟೋ ಗಿಡದ ಕರೆಗೆ ಕಪ್ಪಾಗಿದ್ದವು. ಫಕ್ಕೀರಪ್ಪನವರ ಮಗಳು ರೇಣುಕಾ. ಹೊಲದಲ್ಲಿ ಕ್ರಾಸಿಂಗ್ ಹೆಣ್ಣುಮಕ್ಕಳನ್ನೆಲ್ಲ ನಡೆಸುವವಳು ಅವಳೇ.

“ಅಕ್ಕಾರ, ಅಪ್ಪಗ ನೀವು ಏನ್ ಹೇಳೀರಿ? ಅದಷ್ಟ ಹೇಳ್ರಿ.”

ನಾನು ಹೇಳಿದೆ. ಅವಳು ಸ್ಟೂಲಿನ ಮೇಲೆ ಕುಳಿತುಬಿಟ್ಟಳು. “ಬ್ಯಾಡಗ್ಯಾಗ ನನ್ನ ಲಗ್ನ ನಿಶ್ಚಯ ಆಗಿತ್ರಿ. ಅಪ್ಪ ಅವರ ಮನಿಗೆ ಹೋಗಿ, ನಮ್ಮ ಬೀಜದಾಗ ಐಬ ಐತಿ, ನಮ್ಮ ಹುಡಿಗಿ ನಿಮಗ ಬ್ಯಾಡ ಅಂತ ಹೇಳಿ ಬಂದಾನ್ರಿ. ನೀರ ಸೈತ ಕುಡೀಲಿಲ್ಲಂತ.”

ನಾನು ಕೈಯಲ್ಲಿದ್ದ ಗಾಜನ್ನು ಪಕ್ಕಕ್ಕಿಟ್ಟೆ.

“ಹಿಂದ ಒಮ್ಮೆ ಟೊಮ್ಯಾಟೋ ಪ್ಲಾಟಿನ್ಯಾಗ ಬೆರಕಿ ಗಿಡ ಕಂಡ್ವು,” ಅವಳು ಹೇಳುತ್ತ ಹೋದಳು. “ಕಂಪನಿಯವರು ನೋಡಾಕ ಬರೂದಕ್ಕಿಂತ ಮೊದಲ ಅಪ್ಪ ತಾನ ಹೋಗಿ ಹೇಳಿ, ಇಡೀ ಪ್ಲಾಟ್ ಕಿತ್ತ ಹಾಕಿದಾ. ಕೆಟ್ಟ ಬೀಜ ಇನ್ನೊಬ್ಬರ ಹೊಲಕ್ಕ ಹೋಗಬಾರ್ದು ಅಂತ. ಈಗ ನನ್ನೂ ಹಂಗ ಕಿತ್ತ ಹಾಕ್ಯಾನ್ರಿ.”

ಅಳಲಿಲ್ಲ ಹುಡುಗಿ. ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವಿರಲಿಲ್ಲ, ಆದರೆ ಮುಖ್ಯವಾದ ಅರ್ಧವನ್ನೇ ನುಂಗಿದ್ದೆ. ಜೀನ್ ಮುರಿದದ್ದು ಆ ಗ್ರಂಥಿಯ ಒಂದು ಜೀವಕೋಶದಲ್ಲಿ, ಅವರು ಹುಟ್ಟಿ ಎಷ್ಟೋ ದಶಕಗಳಾದ ಮೇಲೆ. ಅದು ಅವರ ತಂದೆಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ. ಬೇರೆ ಯಾರಿಗೆ ಹೇಳಿದ್ದರೂ ‘ಏನೋ ಜೀನಂತೆ’ ಎಂದು ಕೈಬಿಡುತ್ತಿದ್ದರು. ಬೀಜದವರು ಮಾತ್ರ ಅದರ ಅರ್ಥವನ್ನು ಹೊಲದವರೆಗೂ, ಮಗಳ ಮದುವೆಯವರೆಗೂ ಒಯ್ದಿದ್ದರು.

ಡಾಕ್ಟರ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. “ಇಷ್ಟು ವರ್ಷ ಆತು, ಒಂದ ಮಾತು ಹೇಳಿದ್ದೆ ನಿನಗ.” ಅಷ್ಟೇ. ಆಮೇಲೆ, “ಹಲಗೇರಿಗೆ ಇಬ್ಬರೂ ಹೋಗೋಣ. ಆದ್ರ ಮಾತು ನೀನ ಆಡಬೇಕು,” ಎಂದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಮರುದಿನ ಹೋದೆವು. ಫಕ್ಕೀರಪ್ಪನವರು ಹೊಲದ ಬದುವಿನಲ್ಲೇ ಕಂಬಳಿ ಹಾಸಿ ಕೂಡಿಸಿದರು. ನಾನು ತಪ್ಪಾಯಿತೆಂದು ಹೇಳಿ, ಉಳಿದ ಅರ್ಧವನ್ನು ವಿವರಿಸಿದೆ. ಅವರು ಪೂರ್ತಿ ಕೇಳಿದರು.

“ಬಾಯಾರ, ತಪ್ಪ ತಿಳ್ಕೋಬ್ಯಾಡ್ರಿ. ಮಗಳು ಬಂದು ಜಗಳಾಡಿದ್ಲು ಅಂತ ಈಗ ನೀವು ಸಮಾಧಾನ ಹೇಳಾಕತ್ತೀರಿ. ಬಾಯಿ ಮಾತಿನ ಮ್ಯಾಲೆ ನಾ ಬೀಜ ಪಾಸ್ ಮಾಡಂಗಿಲ್ಲ. ಪ್ಲಾಟ್ ನೋಡೇ ಮಾಡಾಂವ.”

ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಒಮ್ಮೆಲೇ ಹೊಳೆಯಿತು. “ಪ್ಲಾಟ್ ತೋರಿಸಿದ್ರ ನಂಬ್ತೀರೇನ್ರಿ?”

“ತೋರಸ್ರಿ ಮೊದಲ.”

ವಾಪಸು ಬಂದವಳೇ ಆ ದೊಡ್ಡ ಲ್ಯಾಬಿಗೆ ಫೋನ್ ಮಾಡಿದೆ. ಅವರು ಪರೀಕ್ಷೆ ಮಾಡಿದ ರೀತಿ ಹೀಗಿತ್ತು: ಆ ಇಆರ್‌ಜಿ ಜೀನಿನ ಒಂದು ತುದಿಗೆ ಕೆಂಪು ಚುಕ್ಕಿ, ಇನ್ನೊಂದು ತುದಿಗೆ ಹಸಿರು ಚುಕ್ಕಿ ಹತ್ತಿಸುತ್ತಾರೆ. ಜೀನ್ ಅಖಂಡವಿದ್ದರೆ ಎರಡು ಚುಕ್ಕಿಗಳು ಅಂಟಿಕೊಂಡಿರುತ್ತವೆ, ಮುರಿದಿದ್ದರೆ ದೂರವಾಗುತ್ತವೆ. ಕ್ಯಾನ್ಸರಿನ ಜೀವಕೋಶ ಮತ್ತು ಅದರ ಪಕ್ಕದ ಒಳ್ಳೆಯ ಜೀವಕೋಶ ಎರಡೂ ಇರುವ ಫೋಟೋ ಕಳಿಸಿ ಎಂದು ಕೇಳಿದೆ. ಇಮೇಲಿಗೆ ಬಂದದ್ದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಫೋಟೋ ಸ್ಟುಡಿಯೋದಲ್ಲಿ ದೊಡ್ಡದಾಗಿ ಬಣ್ಣದಲ್ಲಿ ತೆಗೆಸಿದೆ. ಸ್ಟುಡಿಯೋದವರು, “ಅಕ್ಕಾರ, ಇದು ಯಾವ ಹಬ್ಬದ ಲೈಟಿಂಗ್ ರಿ?” ಎಂದು ಕೇಳಿದರು.

ಫಕ್ಕೀರಪ್ಪನವರು ಮಗಳೊಂದಿಗೆ ಲ್ಯಾಬಿಗೆ ಬಂದರು. ಮೊದಲು ಅವರದೇ ಚೂರಿನ ಗಾಜನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಒಂದು ಕಣ್ಣು ಮುಚ್ಚಿ, ಬಾಗಿ, ಬಹಳ ಹೊತ್ತು ನೋಡಿದರು. ನಾನು ಏನೂ ಹೇಳದೆಯೇ, “ಈ ಕಡೆ ನೆಟ್ಟಗೈತಿ. ಇಲ್ಲಿ ಸಣ್ಣ ಸಣ್ಣವು ಒತ್ತೊತ್ತಾಗಿ ಎದ್ದಾವ. ಇವ ಕೆಟ್ಟವು ಹೌದಲ್ರಿ?” ಎಂದರು. ಸರಿಯಾಗಿ ಕ್ಯಾನ್ಸರಿನ ಮೇಲೆ ಬೆರಳಿಟ್ಟಿದ್ದರು. ಕಾಲೇಜಿನಲ್ಲಿ ಓದಿದವರಿಗೆ ಅದನ್ನು ಗುರುತಿಸಲು ತಿಂಗಳು ಬೇಕು. ಮಾಧವರಾವ್ ಡಾಕ್ಟರು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲೇ ಕುಳಿತರು.

ಆಮೇಲೆ ಫೋಟೋ ಹರಡಿದೆ. “ಇದು ನೀವು ತೋರಿಸಿದ ಕೆಟ್ಟ ಜಾಗಾರಿ. ಕೆಂಪ ಒಂದ ಕಡೆ, ಹಸರ ಒಂದ ಕಡೆ, ದೂರ ಆಗ್ಯಾವ. ಇದು ಅದರ ಮಗ್ಗಲದ ಒಳ್ಳೆ ಜಾಗಾ. ಎಲ್ಲಾ ಜೋಡಿ ಕೂಡೇ ಅದಾವ. ಎರಡೂ ನಿಮ್ಮವ. ಒಂದ ಮೈಯಾಗಿನವು. ನಿಮ್ಮ ಕೂಡ ಹುಟ್ಟಿದ್ದಾಗಿದ್ರ ಇಲ್ಲೂ ಮುರಿದಿರಬೇಕಿತ್ತಲ್ರಿ?”

ಅವರು ಬೆರಳಿನಿಂದ ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರು. “ಹತ್ತಿ ಗಿಡದಾಗ ಒಮ್ಮೊಮ್ಮೆ ಒಂದ ಟೊಂಗಿ ಬ್ಯಾರೆ ನಮೂನಿ ಹೊಂಡತೈತಿ,” ತಮ್ಮಷ್ಟಕ್ಕೆ ಹೇಳಿಕೊಂಡರು. “ಎಲಿ ಬ್ಯಾರೆ, ಕಾಯಿ ಬ್ಯಾರೆ. ಉಳಿದ ಗಿಡ ಚೊಲೋ ಇರ್ತೈತಿ. ಆ ಟೊಂಗಿ ಬಿಟ್ಟು ಬೀಜ ತಗೊಂಡ್ರ ಏನೂ ಆಗಂಗಿಲ್ಲ.”

ನಾನು ರೇಣುಕಾಳ ಮುಖ ನೋಡಿದೆ. ಅವಳು ಉಸಿರು ಬಿಡುವಷ್ಟರಲ್ಲಿ ಆ ಮನುಷ್ಯ ತಲೆ ಎತ್ತಿದರು.

“ಆದ್ರ ಡಾಕ್ಟ್ರ, ಇವೆಲ್ಲಾ ಆ ಗ್ರಂಥಿಯೊಳಗಿನವ ಆದ್ವು. ಮೈಯಾಗ ಬ್ಯಾರೆ ಕಡೆ ಎಲ್ಲೂ ಮುರಿದಿಲ್ಲ ಅಂತ ಏನ್ ಗ್ಯಾರಂಟಿ? ಒಂದ ಮೂಲಿ ನೋಡಿ ಹೊಲ ಪಾಸ್ ಮಾಡಿದಂಗ ಆತಲ್ರಿ.”

ಡಾಕ್ಟರು ನಕ್ಕುಬಿಟ್ಟರು. ಅವರು ನಗುವುದೇ ಅಪರೂಪ. “ನೀವು ನಮ್ಮ ಲೈನಿಗೆ ಬರಬೇಕಿತ್ತು, ಫಕ್ಕೀರಪ್ಪನವರ. ನಿಮ್ಮ ರಕ್ತ ಕಳಿಸೋಣ. ಅಲ್ಲಿಯೂ ನೋಡಲಿ.” ಆಮೇಲೆ ಗಂಭೀರವಾಗಿ ಕೇಳಿದರು: “ನಿಮ್ಮ ತಂದಿ, ಕಾಕಾ, ಅಣ್ಣ-ತಮ್ಮಂದಿರಿಗೆ ಯಾರಿಗಾದರೂ ಈ ರೋಗ ಬಂದದ ಏನು? ಮನಿ ಹೆಣ್ಣುಮಕ್ಕಳಿಗೆ ಎದಿ ಕ್ಯಾನ್ಸರ್? ಇದನ್ನ ಯಾಕ ಕೇಳತೇನಿ ಅಂದ್ರ, ಕೆಲವು ಮನೆತನದೊಳಗ ಬ್ಯಾರೆ ಜೀನ್ ಕೆಟ್ಟು, ಅದು ಖರೇನ ಮಕ್ಕಳಿಗೆ ಇಳೀತದ. ಅಂಥಾದ್ದು ಇಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ.” ಮೂರು ತಲೆಮಾರು ಕೇಳಿದರು. ಯಾರಿಗೂ ಇರಲಿಲ್ಲ.

ದೊಡ್ಡ ಲ್ಯಾಬಿನವರು ರಕ್ತದಲ್ಲಿ ಇದನ್ನು ನೋಡುವ ಅಗತ್ಯವೇ ಇಲ್ಲ, ಇದು ಗಡ್ಡೆಯಲ್ಲೇ ಹುಟ್ಟುವ ಬದಲಾವಣೆ ಎಂದರು. ಡಾಕ್ಟರು ಫೋನಿನಲ್ಲಿ, “ನಿಮಗ ಅಗತ್ಯ ಇಲ್ಲ, ಹಲಗೇರಿಗೆ ಅಗತ್ಯ ಅದ,” ಎಂದು ಪಟ್ಟುಹಿಡಿದು ಒಪ್ಪಿಸಿದರು. ಆ ಮೂರು ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಅಂಚೆಯವರು ಬಂದರೆ ಬಾಗಿಲಿಗೆ ಓಡುತ್ತಿದ್ದೆ. ಫಲ ಏನೆಂದು ಗೊತ್ತಿದ್ದೂ ಭಯ. ಒಂದು ಹುಡುಗಿಯ ಬಾಳು ನನ್ನ ನಾಲಿಗೆಗೆ ಜೋತುಬಿದ್ದಿತ್ತು. ಉತ್ತರ ಬಂತು. ರಕ್ತದ ಜೀವಕೋಶಗಳಲ್ಲಿ ಜೋಡಿಗಳೆಲ್ಲ ಅಖಂಡ. ನಾನು ಅಕ್ಷರಶಃ ಕುಣಿದೆ, ಡಾಕ್ಟರು ಕಂಡೂ ಕಾಣದವರಂತೆ ಪಕ್ಕದ ಕೋಣೆಗೆ ಹೋದರು.

ಬ್ಯಾಡಗಿಗೆ ಫಕ್ಕೀರಪ್ಪನವರು ನನ್ನನ್ನೂ ಕರೆದೊಯ್ದರು. ಹುಡುಗನ ತಂದೆ ಶಿವಪುತ್ರಪ್ಪನವರು ಮೆಣಸಿನಕಾಯಿ ದಲಾಲರು, ಮಾರುಕಟ್ಟೆಯ ಯಾರ್ಡಿನಲ್ಲಿ ಅಂಗಡಿ. ಮನೆಯ ಪಡಸಾಲೆಯಲ್ಲಿ ಅವರ ಮನೆಯವರು, ಮಗ ಎಲ್ಲ ಕುಳಿತಿದ್ದರು. ದಾರಿಯುದ್ದಕ್ಕೂ ನಾನು ಭಾಷಣ ತಯಾರು ಮಾಡಿಕೊಂಡಿದ್ದೆ. ಫೋಟೋ, ರಿಪೋರ್ಟು, ಡಾಕ್ಟರ ಪತ್ರ ಎಲ್ಲ ಫೈಲಿನಲ್ಲಿತ್ತು. ಫೈಲು ಬಿಚ್ಚುವಷ್ಟರಲ್ಲಿ ಶಿವಪುತ್ರಪ್ಪನವರು ಕೈ ಅಡ್ಡ ಹಿಡಿದರು.

“ಅದೇನು ಬ್ಯಾಡ ಬಿಡ್ರಿ ಬಾಯಾರ. ಇವರು ಬಂದು ಬ್ಯಾಡ ಅಂತ ಹೇಳಿ ಹ್ವಾದ್ರು. ನಾವು ಹ್ಞೂ ಅಂದಿಲ್ಲ. ನಲವತ್ತ ವರ್ಷ ಆತು ನಾ ಯಾರ್ಡಿನ್ಯಾಗ ಕುಂತು. ಮೆಣಸಿನಕಾಯಿಗೆ ನೀರ ಹೊಡ್ಕೊಂಡ ಬಂದು ಒಣಗಿದ್ದೈತಿ ಅನ್ನಾವ್ರನ್ನ ದಿನಾ ನೋಡ್ತೇನಿ. ತನ್ನ ಮಾಲಿನ ಐಬ ತಾನ ಹೇಳಾಕ ಮನಿತನಕಾ ಬಂದಾವ್ರನ್ನ ಇವರೊಬ್ಬರನ್ನ ನೋಡಿದೆ. ಈ ಮನಿ ಬಿಟ್ಟು ನಾ ಬ್ಯಾರೆ ಮನಿ ಎಲ್ಲಿ ಹುಡುಕ್ಲಿ?”

ಹುಡುಗ ತಲೆ ತಗ್ಗಿಸಿ ನಕ್ಕ. ತಾನು ಎರಡು ಸಲ ರೇಣುಕಾಳಿಗೆ ಫೋನ್ ಮಾಡಿದ್ದೆ, ಅವಳೇ ಎತ್ತಲಿಲ್ಲ ಎಂದ. ನನ್ನ ಕಣ್ಣು ತುಂಬಿ ಬಂತು. ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಫಕ್ಕೀರಪ್ಪನವರು ಕದಲಲಿಲ್ಲ.

“ನೋಡದ ಹ್ಞೂ ಅನಬ್ಯಾಡ್ರಿ. ನಾ ಅವತ್ತ ಹೇಳಿದ್ದು ಅರ್ಧ ಇತ್ತು. ಪೂರಾ ಕೇಳ್ರಿ,” ಎಂದು ನನ್ನ ಕೈಯಿಂದ ಫೈಲು ತೆಗೆದುಕೊಂಡರು. ಫೋಟೋಗಳನ್ನು ಜಮಖಾನೆಯ ಮೇಲೆ ಹರಡಿದರು. ಶಿವಪುತ್ರಪ್ಪನವರು ಕನ್ನಡಕ ಹಾಕಿಕೊಂಡರು, ಅವರ ಮನೆಯವರೂ ಬಾಗಿ ನೋಡಿದರು. ಫಕ್ಕೀರಪ್ಪನವರು ಕೆಂಪು ಚುಕ್ಕಿ, ಹಸಿರು ಚುಕ್ಕಿ, ಕೆಟ್ಟ ಜಾಗ, ಒಳ್ಳೆಯ ಜಾಗ, ಕಡೆಗೆ ರಕ್ತ, ಎಲ್ಲವನ್ನೂ ಸಾಲು ಹಿಡಿದು ತೋರಿಸಿದರು. ನಾನು ಒಂದು ಮಾತೂ ಕೂಡಿಸಬೇಕಾಗಲಿಲ್ಲ. ಡಾಕ್ಟರು ಕೇಳಿದ ಮೂರು ತಲೆಮಾರಿನ ಪ್ರಶ್ನೆಯನ್ನೂ ಅವರು ಬಿಡಲಿಲ್ಲ, ತಮ್ಮ ಮಗನಿಗೆ, ಅಂದರೆ ರೇಣುಕಾಳ ಅಣ್ಣನಿಗೆ, ಐವತ್ತಾಗುವ ಮೊದಲು ಈ ರೋಗದ ರಕ್ತಪರೀಕ್ಷೆ ಮಾಡಿಸಲು ಹೇಳಿದ್ದೇನೆ ಎಂಬುದನ್ನೂ ಮುಚ್ಚಿಡಲಿಲ್ಲ. ಕಡೆಗೆ ಮುರಿದ ಚುಕ್ಕಿಗಳ ಮೇಲೆ ಬೆರಳಿಟ್ಟರು.

“ಇದು ನನ್ನ ಕೂಡ ಹುಟ್ಟಿದ್ದಲ್ಲ. ನನ್ನ ಮಗಳಿಗೆ ಹೋಗಿಲ್ಲ. ನನ್ನ ಮೈಯಾಗ ಬಂದೈತಿ, ನನ್ನ ಕೂಡ ಹೋಗ್ತೈತಿ.”

ಕ್ಯಾನ್ಸರ್ ಎಂದಾಗ ಮುಖ ಕದಲದ ಮನುಷ್ಯ ಟೋಪಿ ತೆಗೆದು ಅದರಲ್ಲೇ ಕಣ್ಣು ಒರೆಸಿಕೊಂಡರು. ಶಿವಪುತ್ರಪ್ಪನವರು ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ, ಫೈಲಿನಲ್ಲಿಟ್ಟು, ನನ್ನ ಕೈಗೆ ಕೊಟ್ಟರು. ಆಮೇಲೆ ಎದ್ದು ಫಕ್ಕೀರಪ್ಪನವರ ಮುಂದೆ ಕೈ ಚಾಚಿದರು.

“ಪೂರಾ ಕೇಳಿದೆ. ಈಗರ ಹ್ಞೂ ಅನ್ಲಿ? ಏಳ್ರಿ ಬೀಗರ, ಊಟಕ್ಕ ಹೊತ್ತಾತು.”